‘ರಿಫೈನ್ಡ್ ಎಣ್ಣೆ’ ಅಂದರೆ ನಂಬಬೇಡಿ, ಯಾವ ಎಣ್ಣೆ ಅಂತ ಕೇಳಿ

ನಾನು ಹಾಸನದವಳು. ಹಾಲು, ಬೆಣ್ಣೆ, ತುಪ್ಪ ಬಿಟ್ಟು ಮೂರು ವರ್ಷ ಆಯಿತು. ಅದರ ಜೊತೆಗೇ ಪಾಮಾಯಿಲ್ ಕೂಡ ಬಿಟ್ಟೆ. ಅದೂ ಗಿಡದ ಎಣ್ಣೆಯೇ, ನಿಜ. ಆದರೆ ಬೋರ್ನಿಯೊ, ಸುಮಾತ್ರಾದಲ್ಲಿ ಕಾಡು ಕಡಿದು ತಾಳೆ ತೋಟ ಮಾಡಿ ಒರಾಂಗುಟಾನ್‌ಗಳ ನೆಲೆ ಹಾಳು ಮಾಡಿದ್ದಾರೆ. ಸುಮಾತ್ರಾದ ಆನೆಗಳ ಪಾಡೂ ಅದೇ. ಸಕಲೇಶಪುರ, ಆಲೂರು ಕಡೆ ಕಾಫಿ ತೋಟಕ್ಕೆ ಆನೆ ನುಗ್ಗಿದ ಸುದ್ದಿ ಕೇಳುತ್ತಲೇ ಬೆಳೆದವರು ನಾವು. ಕಾಡು ಚೂರಾದರೆ ಏನಾಗುತ್ತದೆ ಅಂತ ನಮಗೆ ಬೇರೆ ಹೇಳಬೇಕಾ?

ಇಷ್ಟಾದರೂ ಎರಡು ವರ್ಷ ಪಾಮಾಯಿಲ್ ತಿಂದಿದ್ದೇನೆ.

ನಾನು ನಿಪ್ಪಟ್ಟು, ಕೋಡುಬಳೆ ತರುತ್ತಿದ್ದದ್ದು ಒಂದೇ ಅಂಗಡಿಯಲ್ಲಿ. ಮೊದಲ ಸಲವೇ ಕೇಳಿದ್ದೆ. "ಬೆಣ್ಣೆ, ಡಾಲ್ಡಾ ಏನೂ ಇಲ್ಲ ಅಕ್ಕಾ, ಒಳ್ಳೇ ರಿಫೈನ್ಡ್ ಎಣ್ಣೆ" ಅಂದರು. ಸೂರ್ಯಕಾಂತಿ ಎಣ್ಣೆ ಅಂದುಕೊಂಡೆ. ಮನೆಗೆ ಬಂದವರಿಗೂ ಹಾಗೇ ಹೇಳಿ ಕೊಟ್ಟೆ. ಹಾಸನಾಂಬ ದರ್ಶನದ ಸಮಯ, ಅಂಗಡಿಯಲ್ಲಿ ವಿಪರೀತ ಜನ. ಒಳಗಿನ ಬಾಗಿಲು ತೆರೆದಿತ್ತು. ಹುಡುಗನೊಬ್ಬ ಡಬ್ಬದಿಂದ ಬಾಣಲೆಗೆ ಎಣ್ಣೆ ಸುರಿಯುತ್ತಿದ್ದ. ಡಬ್ಬದ ಮೇಲೆ ದೊಡ್ಡದಾಗಿ ‘ರಿಫೈನ್ಡ್ ಪಾಮೊಲೀನ್’ ಅಂತ ಇತ್ತು, ಅಂದರೆ ಪಾಮಾಯಿಲ್‌ನದೇ ತೆಳು ಭಾಗ.

ಕೇಳಿದೆ. "ಪಾಮೊಲೀನೂ ರಿಫೈನ್ಡೇ ಅಲ್ವಾ ಅಕ್ಕಾ" ಅಂದರು. ಗೊತ್ತಿದ್ದೇ ಮುಚ್ಚಿಟ್ಟರು ಅಂತ ನನಗೆ ಈಗಲೂ ಅನಿಸುತ್ತದೆ. ತುಂಬಾ ಬೇಜಾರಾಯಿತು.

ಅವತ್ತು ಮನೆಗೆ ಬಂದು ಅಡುಗೆಮನೆಯ ಪ್ಯಾಕೆಟ್‌ಗಳನ್ನೆಲ್ಲ ತಿರುಗಿಸಿ ಓದಿದೆ. ಹಸಿರು ಬಣ್ಣದ ‘ವಿ’ ಗುರುತು, ಅಂದರೆ ವೀಗನ್ ಗುರುತು ಇದ್ದ ಬಿಸ್ಕತ್ತಿನ ಹಿಂದೆ, ಖಾದ್ಯ ಎಣ್ಣೆ ಅಂತ ಬರೆದು, ಪಕ್ಕದ ಆವರಣದಲ್ಲಿ ಸಣ್ಣಕ್ಷರದಲ್ಲಿ ‘ಪಾಮ್’. ಆ ಗುರುತು ಹೇಳುವುದು ಪ್ರಾಣಿಗಳಿಂದ ಬಂದದ್ದು ಏನೂ ಇಲ್ಲ ಅಂತ ಮಾತ್ರ. ಬೆಣ್ಣೆ ಬದಲು ತಂದ ಮಾರ್ಗರಿನ್‌ನಲ್ಲೂ ಪಾಮ್. ನೂಡಲ್ಸ್ ಕರಿದದ್ದೂ ಅದರಲ್ಲೇ. ಹಾಲಿಲ್ಲದ ಚಾಕೊಲೇಟ್‌ನಲ್ಲಿ ‘ಪಾಮ್ ಕರ್ನಲ್’ ಅಂತ ಇತ್ತು, ಅದು ತಾಳೆ ಬೀಜದ ಎಣ್ಣೆ.

ಕೆಲವು ಕಡೆ ಹೆಸರೇ ಇರುವುದಿಲ್ಲ. ವನಸ್ಪತಿ, ಹೈಡ್ರೋಜನೇಟೆಡ್ ವೆಜಿಟಬಲ್ ಫ್ಯಾಟ್, ಇಂಟರೆಸ್ಟರಿಫೈಡ್ ಫ್ಯಾಟ್ ಅಂತಿದ್ದರೆ ಅಲ್ಲಿ ಪಾಮಾಯಿಲ್ ಇರುವ ಸಂಭವ ಜಾಸ್ತಿ. ಬ್ರೆಡ್, ಕೇಕಿನಲ್ಲಿ ಐಎನ್‌ಎಸ್ 471 (ಎಣ್ಣೆ, ನೀರು ಬೆರೆಯಲು ಹಾಕುವ ಎಮಲ್ಸಿಫೈಯರ್) ಅಂತ ಕಂಡರೂ ಅನುಮಾನ ಇರಲಿ. ಅದನ್ನು ಬೇರೆ ಎಣ್ಣೆಯಿಂದಲೂ ಮಾಡುತ್ತಾರೆ, ಪಾಮಾಯಿಲ್‌ನಿಂದಲೂ ಮಾಡುತ್ತಾರೆ. ಕೆಲವರು ಪ್ರಾಣಿ ಕೊಬ್ಬಿನಿಂದಲೂ ಮಾಡುವುದುಂಟು, ಹಾಗಾಗಿ ವೀಗನ್ ಗುರುತು ಇಲ್ಲದಿದ್ದರೆ ಅದನ್ನು ಮುಟ್ಟಲೇಬೇಡಿ.

ಬಿಡಿಯಾಗಿ ತೂಗಿ ಕೊಡುವ ತಿಂಡಿಗೆ ಓದಲು ಲೇಬಲ್ಲೂ ಇಲ್ಲ. ಅದಕ್ಕೇ ‘ಒಳ್ಳೇ ಎಣ್ಣೆ’, ‘ರಿಫೈನ್ಡ್’ ಅನ್ನುವ ಉತ್ತರ ಒಪ್ಪಬೇಡಿ. ಯಾವುದರ ಎಣ್ಣೆ ಅಂತ ಕೇಳಿ, ಡಬ್ಬ ತೋರಿಸಿ ಅನ್ನಿ. ಮೊನ್ನೆ ಒಂದು ಬೇಕರಿಯಲ್ಲಿ ಹಾಗೇ ಕೇಳಿದೆ. ಅವರು ಬೇಜಾರು ಮಾಡಿಕೊಳ್ಳದೆ ಒಳಗೆ ಕರೆದು ತೋರಿಸಿದರು. ವನಸ್ಪತಿ ಇತ್ತು. ಥ್ಯಾಂಕ್ಸ್ ಹೇಳಿ ಬಂದೆ. ಕೋಡುಬಳೆ ಈಗ ಮನೆಯಲ್ಲೇ, ಗಾಣದ ಕಡಲೆಕಾಯಿ ಎಣ್ಣೆಯಲ್ಲಿ.