ಹೆಲ್ಮೆಟ್ ಹಾಕಿದ್ದೆ, ಆದರೂ ತಲೆ ಒಡೆಯಿತು

ಹೆಲ್ಮೆಟ್ ಹಾಕದೆ ಏಟು ತಿಂದವರ ಕತೆಯನ್ನು ಸೈಟಿನಲ್ಲಿ ದುಡಿಯುವ ಎಲ್ಲರೂ ಕೇಳಿರುತ್ತೀರಿ. ನನ್ನದು ಆ ಕತೆಯಲ್ಲ. ನಾನು ಹಾಕಿದ್ದೆ. ಸೂಪರ್‌ವೈಸರ್ ಆಗಿ ಹನ್ನೊಂದು ವರ್ಷ, ಒಂದು ದಿನವೂ ಗೇಟಿನೊಳಗೆ ಬರಿದಲೆಯಲ್ಲಿ ಕಾಲಿಟ್ಟವನಲ್ಲ. ಬರಿದಲೆಯವರನ್ನು ಕಂಡರೆ ಬೈದು ಹೊರಗೆ ಕಳಿಸುವವನೂ ನಾನೇ. ಆದರೂ ನೆತ್ತಿಗೆ ಒಂಬತ್ತು ಹೊಲಿಗೆ ಬಿತ್ತು. ಕುತ್ತಿಗೆಯನ್ನು ಎಡಕ್ಕೆ ತಿರುಗಿಸಿದರೆ ಈಗಲೂ ಹಿಡಿದುಕೊಳ್ಳುತ್ತದೆ.

ಅವತ್ತು ಸಾರುವೆ ಬಿಚ್ಚುತ್ತಿದ್ದರು. ಬಿಚ್ಚುವ ಜಾಗದ ಕೆಳಗೆ ನಾನು ನಿಲ್ಲಲೇಬಾರದಿತ್ತು, ಅದು ಬೇರೆ ತಪ್ಪು, ಒಪ್ಪುತ್ತೇನೆ. ಮೇಲಿದ್ದ ಹುಡುಗನ ಕೈಯಿಂದ ಪೈಪ್ ಕ್ಲಾಂಪ್ ಒಂದು ಜಾರಿತು. "ಸಾರ್!" ಎಂದು ಅವನು ಕೂಗಿದ್ದು, ಅದು ಬಿದ್ದದ್ದು ಎರಡೂ ಒಟ್ಟಿಗೆ. ತೂಕ ಹೆಚ್ಚುಕಡಿಮೆ ಒಂದು ಕಿಲೋ, ಎತ್ತರ ನಾಲ್ಕು ಮೀಟರ್ ಇದ್ದೀತು. ಹೆಲ್ಮೆಟ್ಟು ತೆಂಗಿನಕಾಯಿ ಹೋಳಾದ ಹಾಗೆ ಬಿರಿದು ಅತ್ತ ಒಂದು ಚೂರು, ಇತ್ತ ಒಂದು ಚೂರು.

ಆಸ್ಪತ್ರೆಯಲ್ಲಿ ಮಲಗಿದಾಗ ತಲೆ ತಿಂದದ್ದು ಒಂದೇ ಪ್ರಶ್ನೆ. ಸೈಟಿನ ಹೆಲ್ಮೆಟ್ಟುಗಳಿಗೆಂದು ಇರುವ ಯುರೋಪಿನ ಇಎನ್ 397 ಮಾನದಂಡದ ಪರೀಕ್ಷೆಯಲ್ಲಿ 5 ಕಿಲೋ ತೂಕವನ್ನು 1 ಮೀಟರ್ ಮೇಲಿಂದ ಹೆಲ್ಮೆಟ್ಟಿನ ಮೇಲೆ ಬೀಳಿಸುತ್ತಾರೆ. ಒಳಗೆ ಇಟ್ಟಿರುವ ತಲೆಯಾಕಾರದ ಅಚ್ಚಿಗೆ ತಲುಪುವ ಬಲ 5 ಕಿಲೋನ್ಯೂಟನ್, ಅಂದರೆ ಸುಮಾರು 500 ಕಿಲೋ ಭಾರದಷ್ಟು, ದಾಟಬಾರದು. ನನ್ನ ಮೇಲೆ ಬಿದ್ದದ್ದು 1 ಕಿಲೋ, 4 ಮೀಟರ್. ತೂಕವನ್ನು ಎತ್ತರದಿಂದ ಗುಣಿಸಿ ನೋಡಿ, ಪರೀಕ್ಷೆಯ ಏಟಿಗಿಂತ ಕಡಿಮೆ. ಕ್ಲಾಂಪಿಗೆ ಮೂಲೆ ಇರುತ್ತದೆ, ನಿಜ. ಹಾಗಂತ ಎರಡು ಹೋಳಾಗುವುದೇ?

ಉತ್ತರ ಸಿಕ್ಕಿದ್ದು ಸೇಫ್ಟಿ ಆಫೀಸರ್ ಆ ಚೂರುಗಳನ್ನು ಮೇಜಿನ ಮೇಲೆ ಜೋಡಿಸಿಟ್ಟಾಗ. ಅವರು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಮೊದಲು ಮುಂಭಾಗದಲ್ಲಿ ನಾನು ಹೆಮ್ಮೆಯಿಂದ ಅಂಟಿಸಿದ್ದ ದೊಡ್ಡ ಸ್ಟಿಕರನ್ನು ಕಿತ್ತರು. ಅದರ ಅಡಿಯಲ್ಲಿ ಕೂದಲೆಳೆಯಂಥ ಹಳೆಯ ಬಿರುಕೊಂದು ಹರಿದಿತ್ತು. ಬಿರುಕಿನ ಅಂಚಿಗೆ ಧೂಳು ಕೂತು ಕಪ್ಪಾಗಿತ್ತು, ಅಂದರೆ ಅವತ್ತಿನದಲ್ಲ. ಯಾವತ್ತೋ ಕೈಜಾರಿ ಕೆಳಗೆ ಬಿದ್ದಾಗ ಆಗಿದ್ದಿರಬೇಕು. ಹೆಲ್ಮೆಟ್ಟು ಬಿದ್ದರೆ ಎತ್ತಿ, ಒರೆಸಿ, ಹಾಕಿಕೊಳ್ಳುವುದೇ ನಮ್ಮ ಅಭ್ಯಾಸ ಅಲ್ಲವೇ.

ಆಮೇಲೆ ಚೂರಿನ ಅಂಚನ್ನು ಉಗುರಿನಿಂದ ಕೆರೆದರು. ಬಿಳಿ ಹುಡಿ ಉದುರಿತು. ಬಿಸಿಲಿನ ನೇರಳಾತೀತ ಕಿರಣಕ್ಕೆ ಪ್ಲಾಸ್ಟಿಕ್ಕು ಮೊದಲು ಹೊಳಪು ಕಳೆದುಕೊಳ್ಳುತ್ತದೆ, ಆಮೇಲೆ ಸುಣ್ಣದಂತೆ ಹುಡಿಯಾಗುತ್ತದೆ, ಕೊನೆಗೆ ಬಾಗುವ ಬದಲು ಮುರಿಯುತ್ತದೆ. ನನ್ನದು ಸೈಟಿನಲ್ಲಿ ಹೇಗೂ ಬಿಸಿಲು ಕುಡಿಯುತ್ತಿತ್ತು, ರಜೆಯ ದಿನ ಕಾರಿನ ಗಾಜಿನ ಹಿಂದೆ ಕೂತೂ ಬೇಯುತ್ತಿತ್ತು. ಸಾಲದ್ದಕ್ಕೆ ಪೇಂಟಿನ ಕಲೆ ಹೋಗಲೆಂದು ಆಗಾಗ ಥಿನ್ನರ್ ಹಾಕಿ ಉಜ್ಜುತ್ತಿದ್ದೆ. ನನ್ನದು ಎಬಿಎಸ್ ಪ್ಲಾಸ್ಟಿಕ್ಕು, ಥಿನ್ನರ್ ಅದಕ್ಕೆ ನಿಧಾನ ವಿಷ. ಸೋಪು, ಉಗುರುಬೆಚ್ಚಗಿನ ನೀರು ಬಿಟ್ಟು ಬೇರೇನೂ ಬೇಡವಂತೆ. ಚಕಚಕ ಹೊಳೆಯಲಿ ಎಂದು ಉಜ್ಜಿ ಉಜ್ಜಿ ನಾನೇ ಅದನ್ನು ಕೊಂದಿದ್ದೆ.

ಆದರೆ ನೆತ್ತಿ ಒಡೆಯಲು ದೊಡ್ಡ ಕಾರಣ ಇವು ಯಾವುವೂ ಅಲ್ಲ. ಟವೆಲ್ಲು.

ಹೆಲ್ಮೆಟ್ಟಿನೊಳಗೆ ತಲೆಯನ್ನು ಹಿಡಿಯುವ ಪಟ್ಟಿಗಳ ಜಾಲ ಇರುತ್ತದಲ್ಲ, ಅದಕ್ಕೂ ಹೊರ ಚಿಪ್ಪಿಗೂ ನಡುವೆ ಖಾಲಿ ಜಾಗ ಬಿಟ್ಟಿರುತ್ತಾರೆ. ಅದು ಗಾಳಿಯಾಡಲಿ ಎಂದು ಮಾತ್ರ ಬಿಟ್ಟದ್ದು ಅಂದುಕೊಂಡಿದ್ದೆ. ಏಟು ಬಿದ್ದಾಗ ಚಿಪ್ಪು ಕೆಳಗಿಳಿಯುತ್ತದೆ, ಪಟ್ಟಿ ಹಿಗ್ಗುತ್ತದೆ, ಆ ಖಾಲಿ ಜಾಗದಲ್ಲೇ ಏಟಿನ ಶಕ್ತಿ ಕರಗಬೇಕು. ನನ್ನದರ ಹಿಂಬದಿಯಲ್ಲಿ ಪಟ್ಟಿಯನ್ನು ಬಿಗಿ ಮಾಡುವ ತಿರುಗಣೆ ಸಡಿಲವಾಗಿ ಹೆಲ್ಮೆಟ್ಟು ಅಲುಗಾಡುತ್ತಿತ್ತು. ಹೊಸ ಪಟ್ಟಿ ಕೇಳುವ ಬದಲು ಟವೆಲ್ ಮಡಿಸಿ ಆ ಖಾಲಿ ಜಾಗಕ್ಕೆ ತುರುಕಿದ್ದೆ. ಬೆವರೂ ಹೀರುತ್ತದೆ, ಗಟ್ಟಿಯಾಗಿಯೂ ಕೂರುತ್ತದೆ ಎಂದು ನಾಲ್ಕು ಜನಕ್ಕೆ ಉಪಾಯ ಹೇಳಿಕೊಟ್ಟದ್ದೂ ಉಂಟು. ಚಿಪ್ಪಿಗೆ ಇಳಿಯಲು ಜಾಗವೇ ಇಲ್ಲದೆ ಏಟು ನೇರ ತಲೆಗೆ, ತಲೆಯಿಂದ ಕುತ್ತಿಗೆಗೆ. ಮೊಬೈಲು, ಸಿಗರೇಟು, ಬಿಲ್ಲು ಎಲ್ಲವನ್ನೂ ಅಲ್ಲೇ ಸಿಕ್ಕಿಸುವವರನ್ನು ನೋಡಿದರೆ ಈಗ ಮೈ ಜುಮ್ಮೆನ್ನುತ್ತದೆ.

ಕೊನೆಗೆ ಅವರು ತೋರಿಸಿದ್ದು ಒಳಗಡೆಯ ಒಂದು ಪುಟ್ಟ ವೃತ್ತ. ಮಧ್ಯೆ ವರ್ಷದ ಅಂಕಿ, ಸುತ್ತ 1ರಿಂದ 12, ಒಂದು ಬಾಣ ತಿಂಗಳನ್ನು ತೋರಿಸುತ್ತದೆ. ತಯಾರಾದ ದಿನಾಂಕ. ದಿನಾ ಎರಡು ಸಲ ತಲೆಯಿಂದ ತೆಗೆದು ಹಾಕಿದ ವಸ್ತು, ಒಮ್ಮೆಯೂ ಅದನ್ನು ಓದಿರಲಿಲ್ಲ. ನನ್ನದಕ್ಕೆ ಎಂಟು ವರ್ಷ ತುಂಬಿತ್ತು. ಹಲವು ತಯಾರಕರು ಒಳಪಟ್ಟಿಯನ್ನು ವರ್ಷಕ್ಕೊಮ್ಮೆ, ಚಿಪ್ಪನ್ನು ಹೆಚ್ಚೆಂದರೆ ಐದು ವರ್ಷಕ್ಕೆ ಬದಲಿಸಿ ಅನ್ನುತ್ತಾರೆ. ಉರಿಬಿಸಿಲಲ್ಲಿ, ರಾಸಾಯನಿಕದ ನಡುವೆ ಕೆಲಸವಿದ್ದರೆ ಅದಕ್ಕೂ ಮೊದಲೇ. ಜೋರು ಏಟು ಬಿದ್ದರಂತೂ ಹೊರಗೆ ಗೀರು ಕಾಣದಿದ್ದರೂ ಅವತ್ತೇ ಬದಲಿಸಬೇಕು.

ಈಗ ಬೆಳಿಗ್ಗೆ ಹಾಕುವ ಮೊದಲು ಚಿಪ್ಪಿನ ಎರಡು ಬದಿಯನ್ನು ಅಂಗೈಯಲ್ಲಿ ಒತ್ತಿ ಬಿಡುತ್ತೇನೆ. ಚಟಕ್ ಎಂದರೆ, ಅಥವಾ ತಕ್ಷಣ ಮೊದಲಿನ ಆಕಾರಕ್ಕೆ ಮರಳದಿದ್ದರೆ ಅದು ಮುಗಿದ ಹಾಗೆ. ಪಟ್ಟಿ ಬಿರಿದಿದೆಯೇ, ಕೊಂಡಿಗಳು ಕಚ್ಚಿವೆಯೇ ಎಂದು ಬೆರಳಾಡಿಸುತ್ತೇನೆ. ಅರ್ಧ ನಿಮಿಷದ ಕೆಲಸ. ಟೋಪಿಯ ಹಾಗೆ ಹಿಂದುಮುಂದು ಮಾಡಿ ಹಾಕುವ ಹುಡುಗರಿಗೂ ಒಂದು ಮಾತು: ಹಾಗೆ ಹಾಕಬಹುದೆಂಬ ಗುರುತು ಚಿಪ್ಪಿನ ಮೇಲೇ ಇದ್ದರೆ ಮಾತ್ರ ಹಾಕಿ.

ಇಷ್ಟಾದ ಮೇಲೂ ಒಂದು ನಡೆಯಿತು. ಸೈಟಿಗೆ ಮರಳಿದ ಮೂರನೇ ದಿನ, ಹೊಸದಾಗಿ ಬಂದ ಸಹಾಯಕನ ತಲೆಯ ಮೇಲೆ ನನ್ನ ಹೆಲ್ಮೆಟ್ಟೇ ಕಂಡಿತು. ಯಾರೋ ಕಸದಿಂದ ಎತ್ತಿ, ಗಮ್ ಹಚ್ಚಿ, ಟೇಪ್ ಸುತ್ತಿ ಕೊಟ್ಟಿದ್ದರು. "ಚೆನ್ನಾಗೇ ಇದೆ ಸಾರ್, ಒಳಗೆ ಮೆತ್ತಗೂ ಇದೆ," ಅಂದ. ಟವೆಲ್ಲು ಇನ್ನೂ ಅಲ್ಲೇ ಇತ್ತು. ಅವನಿಗೆ ಸ್ಟೋರಿನಿಂದ ಹೊಸದು ಕೊಡಿಸಿ, ಆ ಹಳೆಯದರ ಪಟ್ಟಿಗಳನ್ನೆಲ್ಲ ಕತ್ತರಿಸಿ, ಚಿಪ್ಪನ್ನು ಹ್ಯಾಕ್ಸಾ ಬ್ಲೇಡಿನಲ್ಲಿ ನಾಲ್ಕು ತುಂಡು ಮಾಡಿ ಬಿಸಾಡಿದೆ.