ಜೈರೋಕಾಪ್ಟರ್ ತರಬೇತಿಗೆಂದು ಮುಂಗಡ ಕಟ್ಟುವ ಮುನ್ನ ಇದನ್ನು ಓದಿ

ಮಂಡ್ಯ ಕಡೆಯ ಒಂದು ಖಾಸಗಿ ಬಯಲಿನಲ್ಲಿ ಜೈರೋಕಾಪ್ಟರ್ (ತಲೆಯ ಮೇಲೆ ತಿರುಗುವ ರೆಕ್ಕೆಗಳು, ಅಂದರೆ ರೋಟರ್ ಇರುವ, ನೋಡಲು ಹೆಲಿಕಾಪ್ಟರನ್ನು ಹೋಲುವ ಸಣ್ಣ ಹಾರುವ ಯಂತ್ರ) ಹಾರಿಸಲು ಕಲಿಸುತ್ತೇವೆ, ಇಳಿಸುವುದನ್ನೂ ನಿಮ್ಮ ಕೈಯಲ್ಲೇ ಮಾಡಿಸುತ್ತೇವೆ ಎಂದು ಹೇಳಿ ಮೈಸೂರಿನ ಹವ್ಯಾಸಿಗಳಿಂದ ಹಣ ಕಟ್ಟಿಸಿಕೊಳ್ಳುತ್ತಿರುವವರ ಬಗ್ಗೆ ಈ ಬರಹ. ದೂರು ಕೊಟ್ಟಿರುವುದರಿಂದ ಹೆಸರು ಬರೆಯುತ್ತಿಲ್ಲ. ಒಂದೂವರೆ ಲಕ್ಷ ರೂಪಾಯಿ ಮುಂಗಡ, ಕಬ್ಬಿನ ಗದ್ದೆಗಳ ನಡುವೆ ಮಣ್ಣಿನ ರನ್‌ವೇ, ಹೋದ ಕೂಡಲೇ ಹೆಲ್ಮೆಟ್ ಹಾಕಿಸಿ ಒಂದು ಫೋಟೊ ಎಂದರೆ ಅಲ್ಲಿ ವಿಚಾರಿಸಿ ಬಂದವರಿಗೆ ಯಾರೆಂದು ತಿಳಿಯುತ್ತದೆ.

ಹಣ ಕೇಳುವಾಗ ಅವರು ಪದೇ ಪದೇ ಹೇಳಿದ ಮಾತು ಒಂದೇ: "ಎಂಜಿನ್ ನಿಂತೋದ್ರೂ ಬೀಳಲ್ಲ ಸಾ, ಹೂವಿನಂಗೆ ಇಳೀತದೆ." ಇದರಲ್ಲಿ ಅರ್ಧ ಸತ್ಯವಿದೆ, ಮೋಸ ನಡೆಯುವುದೂ ಆ ಅರ್ಧದಲ್ಲಿಯೇ. ಸ್ಪೇನಿನ ಹುವಾನ್ ದೆ ಲಾ ಸಿಯೆರ್ವಾ ರೂಪಿಸಿದ ಯಂತ್ರ 1923ರಲ್ಲಿ ಹಾರಿದಂದಿನಿಂದ ಇದರ ತತ್ತ್ವ ಬದಲಾಗಿಲ್ಲ. ಹಾರಾಟದಲ್ಲಿ ಮೇಲಿನ ರೋಟರನ್ನು ಎಂಜಿನ್ ತಿರುಗಿಸುವುದಿಲ್ಲ, ಕೆಳಗಿನಿಂದ ಹಾಯುವ ಗಾಳಿಗೆ ಅದು ತಾನಾಗಿ ತಿರುಗುತ್ತದೆ, ಆದ್ದರಿಂದ ಎಂಜಿನ್ ನಿಂತರೂ ಅದರ ತಿರುಗಾಟ ನಿಲ್ಲುವುದಿಲ್ಲ. ಆದರೆ ನೆಲದ ಮೇಲೆ ರೋಟರ್ ಸಾಕಷ್ಟು ವೇಗ ಪಡೆಯುವ ಮುನ್ನವೇ ಥ್ರಾಟಲ್ ತೆರೆದು ಎಂಜಿನ್ ಜೋರು ಮಾಡಿದರೆ ರೋಟರಿನ ರೆಕ್ಕೆಗಳು ಬಡಿದಾಡಿ ಯಂತ್ರವೇ ಮಗುಚಬಹುದು ಎಂಬುದನ್ನು ಅವರು ಹೇಳುವುದಿಲ್ಲ. ಗಾಳಿಯಲ್ಲಿ ಸ್ಟಿಕ್ಕನ್ನು (ಯಂತ್ರವನ್ನು ನಿಯಂತ್ರಿಸುವ ಹಿಡಿಕೋಲು) ಒಮ್ಮೆಲೇ ಮುಂದಕ್ಕೆ ದೂಡಿದರೆ ಭಾರ ಕಳೆದುಕೊಂಡ ರೋಟರ್ ನಿಧಾನವಾಗುತ್ತದೆ, ಹಾಗಾದ ಮೇಲೆ ಉಳಿಯುವ ದಾರಿ ಬಹಳ ಕಡಿಮೆ ಎಂಬುದನ್ನೂ ಹೇಳುವುದಿಲ್ಲ.

ಇಳಿಸುವುದೂ ಹಾಗೆಯೇ. ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ ಬಂದು, ನೆಲದ ಹತ್ತಿರ ಮೂತಿಯನ್ನು ಹದವಾಗಿ ಎತ್ತಿ, ವೇಗ ಕರಗುವವರೆಗೆ ಕಾದು, ಹಿಂದಿನ ಎರಡು ಚಕ್ರಗಳನ್ನು ಮೊದಲು ಊರಿಸಿ, ರೆಕ್ಕೆಗಳು ನಿಧಾನವಾಗುವ ತನಕ ಸ್ಟಿಕ್ಕನ್ನು ಹಿಂದಕ್ಕೆ ಹಿಡಿದಿರಬೇಕು. ಇದನ್ನು ಕೈ ಕಲಿಯಬೇಕು. ಒಬ್ಬರ ಹಿಂದೆ ಒಬ್ಬರು ಕೂರುವ ಯಂತ್ರದಲ್ಲಿ ಕಲಿಯುವವನು ಮುಂದೆ, ಕಲಿಸುವವನು ಹಿಂದೆ, ಇಬ್ಬರಿಗೂ ಸ್ಟಿಕ್ ಇರುವುದು ಅದಕ್ಕಾಗಿ.

ನನ್ನನ್ನು ಹಿಂದೆ ಕೂರಿಸಿದರು. ಬೆಲ್ಟ್ ಬಿಗಿದಾದ ಮೇಲೆ ಮೊಣಕಾಲುಗಳ ನಡುವೆ ನೋಡಿದರೆ ಸ್ಟಿಕ್ ಇಲ್ಲ! ಪ್ರಯಾಣಿಕರನ್ನು ಕೂರಿಸುವಾಗ ಅದನ್ನು ಬಿಚ್ಚಿಡುವುದುಂಟು, ಬಿಚ್ಚಿಟ್ಟಿದ್ದರು. ಕಲಿಯಲು ಹಣ ಕಟ್ಟಿ ಬಂದವನ ಮುಂದೆ ಖಾಲಿ ಜಾಗ. ಕೇಳಿದ್ದಕ್ಕೆ, "ಮೊದ್ಲು ನೋಡಿ ಕಲೀಬೇಕು ಸಾ, ಆಮೇಲೆ ಮುಂದ್ಗಡೆ ಸೀಟು" ಎಂದರು. ಮುಂದಿನವರ ಹೆಲ್ಮೆಟ್ ಬಿಟ್ಟರೆ ಹಿಂದಿನ ಸೀಟಿನಿಂದ ರನ್‌ವೇ ಸರಿಯಾಗಿ ಕಾಣುವುದೂ ಇಲ್ಲ. ಏನನ್ನು ನೋಡಿ ಕಲಿಯಬೇಕು? ಮುಂದಿನ ಸೀಟಿನ ದಿನ ಬರಲೇ ಇಲ್ಲ. ಪ್ರತಿ ಸಲ ಗಾಳಿ ಜಾಸ್ತಿ, ಇಲ್ಲವೇ ಪೆಟ್ರೋಲ್ ಇಲ್ಲ, ಇಲ್ಲವೇ ಯಾರೋ ಹುಟ್ಟುಹಬ್ಬಕ್ಕೆ ಬುಕ್ ಮಾಡಿದ್ದಾರೆ.

ಹಾರಿದ ಹೊತ್ತನ್ನು ಲಾಗ್‌ಬುಕ್ಕಿನಲ್ಲಿ ಬರೆದುಕೊಡಿ ಎಂದು ಕೇಳಿದಾಗ ನಿಜ ಹೊರಬಿತ್ತು. "ಲಾಗ್‌ಬುಕ್ ಯಾಕೆ ಸಾ? ರಸೀದೀಲಿ ನೋಡಿ, ಜಾಯ್‌ರೈಡ್ ಅಂತ ಐತೆ." ಹಣ ಪಡೆಯುವಾಗ ಬಾಯಲ್ಲಿ ತರಬೇತಿ, ಕಾಗದದಲ್ಲಿ ಜಾಯ್‌ರೈಡ್. ಮನೆಯವರ ಮುಂದೆ, ನೆಂಟರ ಮುಂದೆ ಪೈಲಟ್ ಆಗುತ್ತೇನೆಂದು ಹೇಳಿಕೊಂಡು ತಿರುಗಿದವನಿಗೆ ಆ ರಸೀದಿ ಹಿಡಿದು ನಿಂತಾಗ ಆದ ಅವಮಾನವನ್ನು ಬರೆಯಲಾರೆ.

ನೋಂದಣಿ ಎಲ್ಲಿ ಎಂದು ಕೇಳಿದೆ. ಭಾರತದಲ್ಲಿ ನೋಂದಣಿಯಾದ ವಿಮಾನದ ಮೈಮೇಲೆ ವಿಟಿ ಎಂದು ಆರಂಭವಾಗುವ ಅಕ್ಷರಗಳಿರಬೇಕು. ಅದರ ಮೇಲೆ ಬಣ್ಣದ ಚಿತ್ತಾರ ಬಿಟ್ಟು ಏನೂ ಇರಲಿಲ್ಲ. ಉತ್ತರ ಕೇಳಿ: "ಇದು ಅಲ್ಟ್ರಾಲೈಟ್ ಸಾ, 115 ಕೆಜಿ ಒಳಗಿನದ್ಕೆ ಲೈಸೆನ್ಸ್ ಬೇಡ." ಅದು ಅಮೆರಿಕದ ನಿಯಮ, ಅಲ್ಲಿಯೂ ಒಬ್ಬರೇ ಕೂರುವ ಯಂತ್ರಕ್ಕೆ ಮಾತ್ರ. ಎರಡು ಸೀಟು, ರೊಟ್ಯಾಕ್ಸ್ ಕಂಪನಿಯ ಎಂಜಿನ್ ಇರುವ ಇಂಥ ಯಂತ್ರ ಖಾಲಿ ನಿಂತಾಗಲೇ ಹೆಚ್ಚುಕಡಿಮೆ ಅದರ ದುಪ್ಪಟ್ಟು ತೂಗುತ್ತದೆ. ಇದನ್ನು ಹೇಳಿದ್ದಕ್ಕೆ, "ಅಷ್ಟೆಲ್ಲ ಗೊತ್ತಿದ್ರೆ ನೀವೇ ಕಲ್ಸಬೋದಲ್ಲ" ಎಂದು ನಕ್ಕರು. ನಕ್ಕರು!

ಹಣ ವಾಪಸ್ ಕೇಳಿದಾಗ ಬಂದ ಉತ್ತರಗಳು ಇನ್ನೂ ಫೋನಿನಲ್ಲಿವೆ. ಮೊದಲು "ಮುಂದಿನ ವಾರ ಆಯ್ತದೆ ಸಾ", ಆಮೇಲೆ "ನೀವೇ ಸಹಿ ಹಾಕಿದ ಕಾಗದ ಓದ್ಕಳಿ", ಕೊನೆಗೆ "ಸುತ್ತಾಡಿಸಿದ್ದೀವಲ್ಲ, ಇನ್ನೇನ್ ಬೇಕು?" ಈಗ ಅವರ ಜಾಹೀರಾತಿನಲ್ಲಿ "ನಮ್ಮಲ್ಲಿ ತರಬೇತಿ ಪಡೆದವರು" ಎಂಬ ಸಾಲಿನ ಕೆಳಗೆ ನನ್ನದೇ ಫೋಟೊ ಹಾಕಿಕೊಂಡಿದ್ದಾರೆ. ತೆಗೆಯಿರಿ ಎಂದರೆ, "ಚೆನ್ನಾಗ್ ಬಂದದೆ ಬಿಡಿ ಸಾ" ಅಂತೆ.

ಕಲಿಯುವ ಆಸೆ ಇರುವವರು ಮೊದಲು ಡಿಜಿಸಿಎ (ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ನಿರ್ದೇಶನಾಲಯ) ಅನುಮೋದನೆಯ ಪತ್ರ, ಯಂತ್ರದ ನೋಂದಣಿ, ವಿಮೆ, ಕಲಿಸುವವರ ಪರವಾನಗಿ ಎಲ್ಲವನ್ನೂ ಕಣ್ಣಾರೆ ನೋಡಿ. ನಿಮ್ಮ ವೈದ್ಯಕೀಯ ಪ್ರಮಾಣಪತ್ರವನ್ನು ಯಾರೂ ಕೇಳದಿದ್ದರೆ ಅಲ್ಲಿಂದಲೇ ಹಿಂತಿರುಗಿ. ನನ್ನನ್ನು ಕೇಳಲೇ ಇಲ್ಲ. ರಸೀದಿಯಲ್ಲಿ ತರಬೇತಿ ಎಂದು ಬರೆಯದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಾನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಿದ್ದೇನೆ, ಡಿಜಿಸಿಎಗೂ ಬರೆದಿದ್ದೇನೆ. ಅದೇ ಬಯಲಿನಲ್ಲಿ ಹಣ ಕಟ್ಟಿರುವವರು ರಸೀದಿ ಇಟ್ಟುಕೊಂಡು ತಾವೂ ದೂರು ಕೊಡಿ.