ಸ್ಟೀಲ್ ಶ್ಯಾಕಲ್–ಸ್ನ್ಯಾಚ್ ಬ್ಲಾಕ್ ಅಥವಾ ಸಾಫ್ಟ್ ಶ್ಯಾಕಲ್–ರಿಕವರಿ ರಿಂಗ್: ಎರಡನ್ನೂ ಬಳಸಿ ನೋಡಿದ ಮೇಲೆ

ಹೂತ ಗಾಡಿಯನ್ನು ಎಳೆದು ತೆಗೆಯುವ ಸಾಮಾನು ಕೊಳ್ಳುವಾಗ ಎಲ್ಲರ ಕಣ್ಣು ಮೊದಲು ವಿಂಚ್ (ಮೋಟರ್‌ನಿಂದ ಹಗ್ಗ ಸುತ್ತಿ ಎಳೆಯುವ ಯಂತ್ರ) ಮೇಲೆ, ಆಮೇಲೆ ಹಗ್ಗದ ಮೇಲೆ. ಶ್ಯಾಕಲ್, ಅಂದರೆ ಹಗ್ಗ, ರಾಟೆ, ಗಾಡಿಗಳನ್ನು ಒಂದಕ್ಕೊಂದು ಸೇರಿಸುವ ಕೊಂಡಿ, ಮತ್ತು ರಾಟೆ ಕೊನೆಗೆ ಬರುತ್ತವೆ, ಕೈಗೆ ಸಿಕ್ಕಿದ್ದು ಸಾಕು ಅಂತ. ಆದರೆ ಹಗ್ಗವನ್ನು ರಾಟೆಗೆ ಹಾಕಿ ಎಳೆಯುವಾಗ ಎಲ್ಲಕ್ಕಿಂತ ಜಾಸ್ತಿ ಭಾರ ಬೀಳುವುದು ಆ ರಾಟೆ ಮತ್ತು ಅದನ್ನು ಹಿಡಿದಿರುವ ಶ್ಯಾಕಲ್ ಮೇಲೆಯೇ. ನಾನು ಎರಡು ಜೋಡಿಗಳನ್ನು ಕೆಸರು, ಮರಳು, ಕಲ್ಲುದಾರಿ ಮೂರರಲ್ಲೂ ಬಳಸಿದ್ದೇನೆ. ಒಂದು, ಬಿಲ್ಲಿನಂತೆ ಬಾಗಿ ಅಡ್ಡ ಪಿನ್ ಇರುವ ಸ್ಟೀಲ್ ಬೋ ಶ್ಯಾಕಲ್ ಜೊತೆ ಸ್ನ್ಯಾಚ್ ಬ್ಲಾಕ್ ಅನ್ನುವ ಸ್ಟೀಲ್ ರಾಟೆ. ಇನ್ನೊಂದು, ಹಗ್ಗದಿಂದ ಹೆಣೆದ ಸಾಫ್ಟ್ ಶ್ಯಾಕಲ್ ಜೊತೆ ರಾಟೆಯ ಕೆಲಸ ಮಾಡುವ ಅಲ್ಯೂಮಿನಿಯಂ ರಿಕವರಿ ರಿಂಗ್. ಇವುಗಳನ್ನು ಜೋಡಿಯಾಗಿಯೇ ಆರಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಶ್ಯಾಕಲ್‌ಗಳ ಮೇಲೆ ಬರೆದಿರುವ ಅಂಕಿಗಳನ್ನು ನೋಡೋಣ. 19 ಮಿ.ಮೀ. ಸ್ಟೀಲ್ ಬೋ ಶ್ಯಾಕಲ್ ಮೇಲೆ 4.75 ಟನ್ ಅಂತ ಅಚ್ಚು ಇರುತ್ತದೆ. 11 ಮಿ.ಮೀ. ಆಸುಪಾಸಿನ ಸಾಫ್ಟ್ ಶ್ಯಾಕಲ್‌ನ ಚೀಟಿಯಲ್ಲಿ 15 ಟನ್ ಅಥವಾ ಅದಕ್ಕೂ ಜಾಸ್ತಿ ಇರಬಹುದು. ನೋಡಿದ ಕೂಡಲೇ ಹಗ್ಗದ್ದೇ ಮೂರು ಪಟ್ಟು ಗಟ್ಟಿ ಅನಿಸುತ್ತದೆ, ಅಲ್ವಾ? ಆದರೆ ಇವೆರಡೂ ಬೇರೆ ಬೇರೆ ಅಳತೆಗಳು. ಸ್ಟೀಲ್ ಮೇಲೆ ಇರುವುದು ಕೆಲಸದಲ್ಲಿ ಹಾಕಬಹುದಾದ ಭಾರದ ಮಿತಿ. ಒಳ್ಳೆಯ ಬೋ ಶ್ಯಾಕಲ್ ಮುರಿಯಲು ಸಾಮಾನ್ಯವಾಗಿ ಅದರ ಆರು ಪಟ್ಟು ಭಾರ ಬೇಕು, ಅಂದರೆ 28 ಟನ್‌ಗೂ ಮೇಲೆ. ಸಾಫ್ಟ್ ಶ್ಯಾಕಲ್ ಚೀಟಿಯಲ್ಲಿ ಇರುವುದು ಅದು ತುಂಡಾಗುವ ಭಾರ. ಅದೂ ಹೊಸ ಶ್ಯಾಕಲ್ ಅನ್ನು ನುಣುಪಾದ, ದಪ್ಪ ಪಿನ್‌ಗೆ ಹಾಕಿ ಎಳೆದಾಗ. ಬರೀ ಶಕ್ತಿಯೇ ಬೇಕು ಅನ್ನುವವರು ಸ್ಟೀಲ್ ಅನ್ನೇ ಕೊಳ್ಳಬೇಕು.

ಹಾಗಿದ್ದರೂ ನಾನು ಮೊದಲು ಕೈ ಹಾಕುವುದು ಸಾಫ್ಟ್ ಶ್ಯಾಕಲ್‌ಗೆ. ಕಾರಣ ತೂಕ. ಆ ಸ್ಟೀಲ್ ಶ್ಯಾಕಲ್ ಒಂದು ಕಿಲೋ ದಾಟುತ್ತದೆ, ಹಗ್ಗದ್ದು ಇನ್ನೂರು ಗ್ರಾಂ ಆಸುಪಾಸು. ಬಿಗಿಯಾಗಿ ಎಳೆಯುತ್ತಿರುವಾಗ ಗಾಡಿ ಎಳೆಯುವ ಬೆಲ್ಟ್ ಹರಿದರೆ ಅಥವಾ ಗಾಡಿಯ ಕೊಕ್ಕೆ ಕಿತ್ತುಬಂದರೆ, ತುದಿಯಲ್ಲಿ ಏನಿರುತ್ತದೋ ಅದು ಹಾರುತ್ತದೆ. ಒಂದು ಕಿಲೋ ಕಬ್ಬಿಣ ಗಾಜು ಒಡೆದು ಒಳಗೆ ಬಂದರೆ ಮನುಷ್ಯ ಉಳಿಯುವುದು ಕಷ್ಟ. ಕೈನೆಟಿಕ್ ರೋಪ್ ಬಳಸುವಾಗ ಈ ಅಪಾಯ ಇನ್ನೂ ಜಾಸ್ತಿ. ಆ ನೈಲಾನ್ ಹಗ್ಗ ತನ್ನ ಉದ್ದದ ಶೇ. 30ರವರೆಗೂ ಹಿಗ್ಗಿ, ಆ ಶಕ್ತಿಯನ್ನೆಲ್ಲ ಹಿಡಿದಿಟ್ಟುಕೊಂಡು ವಾಪಸ್ ಎಳೆಯುತ್ತದೆ. ಹೀಗೆ ಜಗ್ಗಿ ಎಳೆಯುವ ಕೆಲಸಕ್ಕೆ ಸಾಧ್ಯವಿದ್ದ ಕಡೆಯೆಲ್ಲ ಸಾಫ್ಟ್ ಶ್ಯಾಕಲ್ಲೇ ಇರಲಿ. ಎರಡು ಬೆಲ್ಟ್‌ಗಳನ್ನು ಸೇರಿಸಲು ಸ್ಟೀಲ್ ಶ್ಯಾಕಲ್ ಅಂತೂ ಖಂಡಿತ ಬೇಡ. ಸಾಫ್ಟ್ ಶ್ಯಾಕಲ್ ಇದೆ ಅಂತ ಜನ ಹತ್ತಿರ ನಿಲ್ಲುವುದೂ ಬೇಡ, ಗಾಡಿಯಿಂದ ಕಿತ್ತುಬಂದ ಕೊಕ್ಕೆ ಕಬ್ಬಿಣದ್ದೇ ಆಗಿರುತ್ತದೆ.

ಬಳಸುವ ಸುಲಭದಲ್ಲೂ ಹಗ್ಗದ್ದೇ ಮೇಲು. ಸ್ಟೀಲ್ ಶ್ಯಾಕಲ್‌ನ ಪಿನ್ ಅನ್ನು ಕೈಯಿಂದ ಪೂರ್ತಿ ತಿರುಗಿಸಿ, ಕಾಲು ಸುತ್ತು ಹಿಂದಕ್ಕೆ ಬಿಡುವುದು ಅಭ್ಯಾಸ. ಬಿಡದಿದ್ದರೆ ಭಾರಿ ಎಳೆತದ ನಂತರ ಅದು ಕಚ್ಚಿಕೊಳ್ಳುತ್ತದೆ. ಮರಳು ಥ್ರೆಡ್‌ಗೆ ಹೊಕ್ಕರೆ ಸ್ಪ್ಯಾನರ್ ಹುಡುಕಬೇಕು. ಕೆಸರಿಗೆ ಬಿದ್ದ ಪಿನ್ ಅಂತೂ ಸಿಗುವುದೇ ಇಲ್ಲ. ಸಾಫ್ಟ್ ಶ್ಯಾಕಲ್‌ನಲ್ಲಿ ಕಳೆದುಹೋಗುವ ಭಾಗವೇ ಇಲ್ಲ, ನೀರಿನಲ್ಲಿ ತೇಲುತ್ತದೆ ಕೂಡ. ಒಂದು ತುದಿಯ ಕುಣಿಕೆಯನ್ನು ಅಗಲ ಮಾಡಿ ಇನ್ನೊಂದು ತುದಿಯ ಗಂಟನ್ನು ತೂರಿಸಿ, ಗಂಟಿನ ಕುತ್ತಿಗೆಗೆ ಬಿಗಿಯಾಗಿ ಕೂರುವವರೆಗೆ ಎಳೆದರೆ ಆಯಿತು. ಭಾರಿ ಎಳೆತದ ನಂತರ ಕುಣಿಕೆ ಬಿಗಿದುಕೊಂಡಿರುತ್ತದೆ. ಆಗ ಗಂಟನ್ನು ಎಳೆಯಬೇಡಿ. ಕುಣಿಕೆಯ ಹೆಣಿಗೆಯನ್ನು ಎರಡೂ ಕಡೆಯಿಂದ ಒಳಕ್ಕೆ ತಳ್ಳಿದರೆ ಅದು ಉಬ್ಬಿ ತಾನಾಗಿ ಸಡಿಲವಾಗುತ್ತದೆ.

ಸಾಫ್ಟ್ ಶ್ಯಾಕಲ್ ಸೋಲುವುದು ಚೂಪಾದ ಅಂಚಿನ ಮುಂದೆ. ಎಷ್ಟೋ ಬಂಪರ್‌ಗಳಲ್ಲಿ ರಿಕವರಿ ಪಾಯಿಂಟ್ (ಶ್ಯಾಕಲ್ ಸಿಕ್ಕಿಸುವ ಜಾಗ) ಅಂದರೆ ತೂತು ಹೊಡೆದ ಉಕ್ಕಿನ ತಟ್ಟೆ ಅಷ್ಟೇ. ಆ ತೂತಿನ ಅಂಚಿನ ಮೇಲೆ ಬೆರಳು ಆಡಿಸಿ ನೋಡಿ. ಚರ್ಮಕ್ಕೆ ತಾಗುವಷ್ಟು ಚೂಪಾಗಿದ್ದರೆ ಭಾರ ಬಿದ್ದಾಗ ಅದು ಹಗ್ಗವನ್ನು ಕುಯ್ಯುತ್ತದೆ. ಶ್ಯಾಕಲ್ ಮೇಲಿನ ರಕ್ಷಣಾ ಕವಚ ಉಜ್ಜಾಟಕ್ಕೆ ಸರಿ, ಇಂಥ ಅಂಚಿಗೆ ಸಾಲದು. ಅಂಥ ಕಡೆ ನಾನು ಸ್ಟೀಲ್ ಬೋ ಶ್ಯಾಕಲ್ ಹಾಕುತ್ತೇನೆ, ಎರಡನೇ ಯೋಚನೆಯೇ ಇಲ್ಲ. ಬಂಡೆಗೆ ಉಜ್ಜುವ ಜಾಗದಲ್ಲೂ ಅಷ್ಟೇ.

ಇನ್ನು ರಾಟೆಗಳು. ಸ್ನ್ಯಾಚ್ ಬ್ಲಾಕ್‌ನಲ್ಲಿ ಎರಡು ಉಕ್ಕಿನ ಕೆನ್ನೆಗಳ (ಪಕ್ಕದ ತಟ್ಟೆಗಳ) ನಡುವೆ ಚಕ್ರ ಇರುತ್ತದೆ. ಕೆನ್ನೆಯನ್ನು ಪಕ್ಕಕ್ಕೆ ಸರಿಸಿ ಹಗ್ಗ ಹಾಕಿ, ಮುಚ್ಚಿ, ಬೋ ಶ್ಯಾಕಲ್ ತೊಡಿಸಬೇಕು. ಮೂರು ನಾಲ್ಕು ಕಿಲೋ ತೂಕ. ಕೆಸರಲ್ಲಿ ಇದನ್ನು ಹೊತ್ತುಕೊಂಡು ಮರದವರೆಗೆ ನಡೆಯುವುದೇ ಒಂದು ಕೆಲಸ. ರಿಕವರಿ ರಿಂಗ್‌ನಲ್ಲಿ ತಿರುಗುವ ಬೇರಿಂಗ್ ಏನೂ ಇಲ್ಲ. ಅದು ದೊಡ್ಡ ಬಳೆಯಂಥ ಅಲ್ಯೂಮಿನಿಯಂ ತುಂಡು. ಅದರ ಹೊರಸುತ್ತಿನ ತೋಡಿನಲ್ಲಿ (ಗ್ರೂವ್) ವಿಂಚ್ ಹಗ್ಗ ಕೂರುತ್ತದೆ, ನಡುವಿನ ತೂತಿನಲ್ಲಿ ಸಾಫ್ಟ್ ಶ್ಯಾಕಲ್ ತೂರುತ್ತದೆ. ತೂಕ ಸ್ನ್ಯಾಚ್ ಬ್ಲಾಕ್‌ನ ಕಾಲುಭಾಗದಷ್ಟು. ಗ್ರೀಸ್ ಬೇಡ, ತುಕ್ಕು ಇಲ್ಲ, ಜೋಡಿಸುವುದು ಕ್ಷಣದ ಕೆಲಸ.

ಆದರೆ ರಿಂಗ್ ತಿರುಗುವುದು ಸಾಫ್ಟ್ ಶ್ಯಾಕಲ್ ಮೇಲೆ ಜಾರಿಕೊಂಡು. ಹಾಗಾಗಿ ಬೇರಿಂಗ್ ಇರುವ ಒಳ್ಳೆಯ ಸ್ನ್ಯಾಚ್ ಬ್ಲಾಕ್‌ಗಿಂತ ಇಲ್ಲಿ ಉಜ್ಜಾಟ ಜಾಸ್ತಿ. ಲೆಕ್ಕದ ಪ್ರಕಾರ ಒಂದು ರಾಟೆಯಿಂದ ಎಳೆಯುವ ಬಲ ದುಪ್ಪಟ್ಟು. ಎರಡರಲ್ಲೂ ಅಷ್ಟು ಸಿಗುವುದಿಲ್ಲ, ರಿಂಗ್‌ನಲ್ಲಿ ಇನ್ನೂ ಸ್ವಲ್ಪ ಕಡಿಮೆ. ಉದ್ದನೆಯ ಎಳೆತದ ನಂತರ ಶ್ಯಾಕಲ್ ಮುಟ್ಟಿದರೆ ಬೆಚ್ಚಗಿರುತ್ತದೆ. ಈ ಬಿಸಿಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಸಾಫ್ಟ್ ಶ್ಯಾಕಲ್ ಹೆಣೆಯುವ ಡೈನೀಮಾ ಥರದ ಸಿಂಥೆಟಿಕ್ ನಾರು 145 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, ಶಕ್ತಿ ಕುಂದುವುದು ಅದಕ್ಕಿಂತ ತುಂಬಾ ಮೊದಲೇ ಶುರುವಾಗುತ್ತದೆ. ಆದ್ದರಿಂದ ರಿಂಗ್ ಬಳಸುವಾಗ ನಾನು ಸ್ವಲ್ಪ ಸ್ವಲ್ಪವೇ ಎಳೆದು, ನಡುನಡುವೆ ನಿಲ್ಲಿಸುತ್ತೇನೆ. ವಿಂಚ್ ಮೋಟರ್‌ಗೂ ಅದೇ ಒಳ್ಳೆಯದು.

ಇನ್ನೊಂದು ತೊಂದರೆ ಸಡಿಲು. ಹಗ್ಗ ಸಡಿಲವಾದರೆ ರಿಂಗ್ ಓರೆಯಾಗಿ, ಹಗ್ಗ ಹೊರಗೆ ಹಾರುತ್ತದೆ. ಕೆಲವು ರಿಂಗ್‌ಗಳಿಗೆ ತಡೆಯುವ ರಬ್ಬರ್ ಪಟ್ಟಿ ಬರುತ್ತದೆ, ಅಂಥದ್ದನ್ನೇ ಕೊಳ್ಳಿ. ಗಾಡಿ ಒಮ್ಮೆ ಮುಂದೆ ಉರುಳಿ ಹಗ್ಗ ಸಡಿಲಾಗಿ ಮತ್ತೆ ಬಿಗಿಯಾಗುವಂಥ ಏರಿಳಿತದ ಜಾಗದಲ್ಲಿ ನನಗೆ ಸ್ನ್ಯಾಚ್ ಬ್ಲಾಕ್ ಮೇಲೆಯೇ ಹೆಚ್ಚು ನಂಬಿಕೆ. ಕೆನ್ನೆಗಳ ನಡುವಿನಿಂದ ಹಗ್ಗ ಅಷ್ಟು ಸುಲಭವಾಗಿ ಆಚೆ ಬರುವುದಿಲ್ಲ. ವಿಂಚ್‌ನಲ್ಲಿ ಸ್ಟೀಲ್ ವೈರ್ ಇದ್ದರೆ ಚರ್ಚೆಯೇ ಬೇಡ, ಸ್ನ್ಯಾಚ್ ಬ್ಲಾಕ್ ಒಂದೇ ದಾರಿ. ವೈರ್ ಅಲ್ಯೂಮಿನಿಯಂ ಅನ್ನು ಕೆರೆದುಹಾಕುತ್ತದೆ, ಆ ಗೀರುಗಳು ಮುಂದೆ ಸಿಂಥೆಟಿಕ್ ಹಗ್ಗವನ್ನು ಹರಿಯುತ್ತವೆ.

ಈಗ ಜೋಡಿಯ ಮಾತಿಗೆ ಬರುತ್ತೇನೆ. 9,500 ಪೌಂಡ್ ವಿಂಚ್ ಅಂದರೆ ಸುಮಾರು 4.3 ಟನ್. ಹಗ್ಗ ಮರದ ಬಳಿಯ ರಾಟೆಗೆ ಹೋಗಿ ಗಾಡಿಗೇ ವಾಪಸ್ ಬಂದರೆ, ವಿಂಚ್ ಪೂರ್ತಿ ಬಲ ಹಾಕಿದಾಗ ರಾಟೆಯ ಶ್ಯಾಕಲ್ ಮೇಲೆ ಬೀಳುವುದು 8.6 ಟನ್. 4.75 ಟನ್‌ನ ಸ್ಟೀಲ್ ಶ್ಯಾಕಲ್ ಮಿತಿ ದಾಟಿಹೋಯಿತು. 15 ಟನ್‌ಗೆ ತುಂಡಾಗುವ ಸಾಫ್ಟ್ ಶ್ಯಾಕಲ್‌ಗೆ ಎರಡು ಪಟ್ಟು ಅಂತರವೂ ಉಳಿಯಲಿಲ್ಲ. ಗಾಡಿಯ ಕಡೆಯ ಶ್ಯಾಕಲ್‌ಗೆ ಇದರ ಅರ್ಧ ಭಾರ ಮಾತ್ರ. ಹಾಗಾಗಿ ಚೀಲದಲ್ಲಿರುವ ಅತಿ ದಪ್ಪನೆಯ, ಅತಿ ಹೊಸ ಶ್ಯಾಕಲ್ ರಾಟೆಗೆ ಹೋಗಬೇಕು. ಸ್ಟೀಲ್‌ನಲ್ಲಿ ಅಷ್ಟು ಭಾರಕ್ಕೆ 28 ಮಿ.ಮೀ. ಗಾತ್ರ ಬೇಕು, ಅದರ ಮಿತಿ 9.5 ಟನ್. ಅದು ಸ್ನ್ಯಾಚ್ ಬ್ಲಾಕ್‌ನ ತೂತಿಗೆ ಹಿಡಿಸುತ್ತದೋ ಇಲ್ಲವೋ ಅಂಗಡಿಯಲ್ಲೇ ತೊಡಿಸಿ ನೋಡಿ. ಸಾಫ್ಟ್ ಶ್ಯಾಕಲ್ ದಪ್ಪವಾದರೆ ರಿಂಗ್‌ನ ತೂತಿನಲ್ಲಿ ಎರಡೆಳೆ ಸಲೀಸಾಗಿ ಕೂರಬೇಕು, ಇಲ್ಲದಿದ್ದರೆ ಉಜ್ಜಾಟ ಹೆಚ್ಚುತ್ತದೆ.

ಬರೀ ದಿಕ್ಕು ಬದಲಿಸಲು ರಾಟೆ ಹಾಕಿದರೆ ಬಲ ಹೆಚ್ಚುವುದಿಲ್ಲ. ಆದರೂ ಭಾರ ಬೀಳುತ್ತದೆ. ಹಗ್ಗ 90 ಡಿಗ್ರಿ ತಿರುಗಿದರೆ ಶ್ಯಾಕಲ್ ಮೇಲೆ ಹಗ್ಗದ ಎಳೆತದ 1.4 ಪಟ್ಟು. ಆ ಮೂಲೆಯ ಒಳಭಾಗದಲ್ಲಿ ಯಾರೂ ನಿಲ್ಲಬಾರದು. ಶ್ಯಾಕಲ್ ಕೈಕೊಟ್ಟರೆ ರಾಟೆ ಹಾರಿಬರುವುದು ಅಲ್ಲಿಗೇ, ಮೂರು ಕಿಲೋ ಸ್ನ್ಯಾಚ್ ಬ್ಲಾಕ್ ಆದರೆ ಕೇಳುವುದೇ ಬೇಡ. ಇಲ್ಲಿ ರಿಂಗ್ ಜೋಡಿ ಸ್ಪಷ್ಟವಾಗಿ ಮುಂದೆ.

ಹೀಗಾಗಿ ಸಿಂಥೆಟಿಕ್ ಹಗ್ಗದ ನನ್ನ ವಿಂಚ್‌ಗೆ ರಿಂಗ್ ಮತ್ತು ಸಾಫ್ಟ್ ಶ್ಯಾಕಲ್ ಮೊದಲ ಆಯ್ಕೆ. ಚೂಪು ಅಂಚಿಗೆ ಎರಡು ಬೋ ಶ್ಯಾಕಲ್, ಜೊತೆ ಬಂದ ಗಾಡಿಯಲ್ಲಿ ವೈರ್ ವಿಂಚ್ ಇದ್ದರೆ ಸ್ನ್ಯಾಚ್ ಬ್ಲಾಕ್, ಇವೂ ಹಿಂದೆ ಇರುತ್ತವೆ. ತೂಕದ ನೆಪದಲ್ಲಿ ಅವನ್ನು ಮನೆಯಲ್ಲಿ ಬಿಡುವುದಿಲ್ಲ.

ಒಂದು ಕೆಲಸ ಮಾತ್ರ ಹಗ್ಗದ ಜೋಡಿ ಜಾಸ್ತಿ ಕೇಳುತ್ತದೆ. ಕೆಸರಿನ ಮರಳುಕಣ ಹೆಣಿಗೆಯ ಒಳಗೆ ಸೇರಿ ನಾರನ್ನು ಒಳಗಿನಿಂದಲೇ ಕತ್ತರಿಸುತ್ತದೆ. ಬಳಸಿದ ಮೇಲೆ ಸಿಹಿನೀರಿನಲ್ಲಿ ಅದ್ದಿ, ಹೆಣಿಗೆ ಸಡಿಲಿಸಿ ತೊಳೆದು, ನೆರಳಲ್ಲಿ ಒಣಗಿಸುತ್ತೇನೆ. ರಿಂಗ್‌ನ ತೂತಿನ ಒಳಗೂ ಬೆರಳಾಡಿಸಿ ಗೀರು ನೋಡುತ್ತೇನೆ. ಶ್ಯಾಕಲ್ ಮೇಲೆ ತೆಳುವಾದ ನವಿರು ಎದ್ದಿದ್ದರೆ ಚಿಂತೆಯಿಲ್ಲ. ಎಳೆ ತುಂಡಾಗಿದ್ದರೆ, ಒಂದು ಕಡೆ ಗಟ್ಟಿಯಾಗಿ ಪ್ಲಾಸ್ಟಿಕ್‌ನಂತೆ ಹೊಳೆಯುತ್ತಿದ್ದರೆ ಅದರ ಆಯಸ್ಸು ಮುಗಿಯಿತು. ಅಂಥದ್ದನ್ನು ಎರಡು ತುಂಡು ಮಾಡಿಯೇ ಎಸೆಯಿರಿ. ಹಾಗೇ ಬಿಟ್ಟರೆ ಅವಸರದಲ್ಲಿ ಯಾರಾದರೂ ಎತ್ತಿ ಬಳಸಿಬಿಡುತ್ತಾರೆ.